ಸಂಶಯದ ಶಿಕ್ಷಣ

ಎಂಟು ಬಟ್ಟಲು ಚಹ. ನಾಲ್ಕರಲ್ಲಿ ಹಾಲು ಮೊದಲು, ನಾಲ್ಕರಲ್ಲಿ ಅನಂತರ. ರುಚಿ ನೋಡಿಯೇ ಈ ಭೇದವನ್ನು ಹೇಳಬಲ್ಲೆನೆಂದ ಮಹಿಳೆಯೊಬ್ಬಳ ಮಾತನ್ನು ಪರೀಕ್ಷಿಸುವ ಬಗೆಯನ್ನು ರೊನಾಲ್ಡ್ ಫಿಶರ್ 1935ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಎಂಟರಲ್ಲಿ ನಾಲ್ಕನ್ನು ಆರಿಸುವ ರೀತಿಗಳು 70. ಬರಿಯ ಊಹೆಯಿಂದ ಎಲ್ಲವೂ ಸರಿಯಾಗುವ ಸಂಭವ ಎಪ್ಪತ್ತರಲ್ಲಿ ಒಂದು. ಬಟ್ಟಲುಗಳ ಕ್ರಮದಿಂದ ಸುಳಿವು ಸಿಗಬಾರದು. ಆದುದರಿಂದ ಆ ಕ್ರಮವನ್ನು ಚೀಟಿ ಎತ್ತಿಯೇ ಗೊತ್ತುಮಾಡಬೇಕು.

ಇಂದು ಪ್ರೌಢಶಾಲೆಯ ವಿದ್ಯಾರ್ಥಿ ಕೇಳಿದರೆ ಕೃತಕ ಬುದ್ಧಿಮತ್ತೆ ಇಂತಹ ಪ್ರಯೋಗದ ವಿನ್ಯಾಸವನ್ನು ಕ್ಷಣಮಾತ್ರದಲ್ಲಿ ಬರೆದುಕೊಡುತ್ತದೆ. ಅದನ್ನು ನಿಷೇಧಿಸಬೇಕೆಂದು ನಾನು ಹೇಳಲಾರೆ. ಆದರೆ ಚೀಟಿ ಏಕೆ ಎತ್ತಬೇಕೆಂಬ ಪ್ರಶ್ನೆ ಅವನಲ್ಲಿಯೇ ಹುಟ್ಟದಿದ್ದರೆ ಆ ವಿನ್ಯಾಸದಿಂದ ಅವನಿಗೇನು ಲಾಭ? ಮೊದಲು ಮಕ್ಕಳೇ ಯೋಜನೆ ಬರೆಯಲಿ. ಅನಂತರ ಯಂತ್ರದ ಯೋಜನೆಯಲ್ಲಿ ದೋಷ ಹುಡುಕಲಿ. ಹಾಲು ಮೊದಲು ಹಾಕಿದ ಬಟ್ಟಲುಗಳೆಲ್ಲ ಹೆಚ್ಚು ಬಿಸಿಯಾಗಿದ್ದರೆ ಗತಿಯೇನು? ಕೊನೆಗೆ ಚಹವನ್ನು ತಾವೇ ಕಾಸಿ ನೋಡಲಿ.

ಕಾವ್ಯದ ತರಗತಿಯಲ್ಲಿ ನಾನು ಕಂಡದ್ದೂ ಇದೇ: ಸಾರಾಂಶವನ್ನು ಬಾಯಿಪಾಠ ಮಾಡಿದವನು ಪದ್ಯವನ್ನು ಓದಿದಂತಾಗಲಿಲ್ಲ. ಉತ್ತರವನ್ನು ಕಡ ತರಬಹುದು. ಸಂಶಯಪಡುವ ಶಕ್ತಿಯನ್ನು ತಾನೇ ಬೆಳೆಸಿಕೊಳ್ಳಬೇಕು.