ಗೃಹಿಣಿಯ ಕೈದೋಟ: ಲೀಕ್ಸ್

ಶ್ರಾವಣವು ಮುಗಿಯುತ್ತ ಬಂದಿತು. ಚಳಿಗಾಲದ ತರಕಾರಿಗಳಿಗೆ ಸಸಿಮಡಿಯನ್ನು ಸಿದ್ಧಪಡಿಸುವುದಕ್ಕೆ ಇದೇ ತಕ್ಕ ಕಾಲ. ಕೋಸು, ಹೂಕೋಸು, ನವಿಲುಕೋಸುಗಳ ಬೀಜವನ್ನು ತರಿಸುವ ಗೃಹಿಣಿಯರು ಈ ಸಲ ಅವುಗಳೊಡನೆ ಲೀಕ್ಸ್ ಬೀಜದ ಒಂದು ಸಣ್ಣ ಪೊಟ್ಟಣವನ್ನೂ ತರಿಸಿಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ.

ಲೀಕ್ಸ್ ಎಂಬುದು ಈರುಳ್ಳಿ, ಬೆಳ್ಳುಳ್ಳಿಗಳ ಕುಲಕ್ಕೆ ಸೇರಿದ ಗಿಡ. ಆದರೆ ಈರುಳ್ಳಿಯಂತೆ ಇದು ಗೆಡ್ಡೆ ಕಟ್ಟುವುದಿಲ್ಲ. ಒಂದರೊಳಗೊಂದು ಸುತ್ತಿಕೊಂಡ ಎಲೆಗಳ ಬುಡವೇ ದಪ್ಪನಾಗಿ, ಕೋಲಿನಂತೆ ಬೆಳೆಯುತ್ತದೆ. ಮುಖ್ಯವಾಗಿ ತಿನ್ನುವ ಭಾಗವು ಅದೇ. ಇದರ ಘಾಟು ಈರುಳ್ಳಿಗಿಂತ ಕಡಿಮೆ. ಬೆಂದ ಮೇಲೆ ರುಚಿ ಸಿಹಿ. ಈರುಳ್ಳಿಯನ್ನು ವರ್ಜಿಸಿದ ಮನೆಯವರು ಇದನ್ನೂ ವರ್ಜ್ಯವೆಂದೇ ತಿಳಿಯತಕ್ಕದ್ದು. ರೋಮಿನ ಚಕ್ರವರ್ತಿ ನೀರೋ ತನ್ನ ಕಂಠಸ್ವರದ ಸಲುವಾಗಿ ಪ್ರತಿ ತಿಂಗಳೂ ಕೆಲವು ದಿನ ಇದನ್ನು ಎಣ್ಣೆಯೊಡನೆ ತಿನ್ನುತ್ತಿದ್ದನೆಂದು ಪ್ಲಿನಿಯು ಬರೆದಿದ್ದಾನೆ. ವೇಲ್ಸ್ ದೇಶದವರಿಗೆ ಇದು ರಾಷ್ಟ್ರಚಿಹ್ನೆ; ಮಾರ್ಚ್ 1ರ ಹಬ್ಬದಂದು ಇದನ್ನು ಉಡುಪಿಗೆ ಸಿಕ್ಕಿಸಿಕೊಳ್ಳುವರು.

ಪರದೇಶದ ಗಿಡವು ನಮಗೇಕೆಂದು ಕೆಲವರು ಕೇಳಬಹುದು. ನಮ್ಮ ಸಾರಿನ ಮೆಣಸಿನಕಾಯಿಯೂ ಪಲ್ಯದ ಆಲೂಗೆಡ್ಡೆಯೂ ಸಮುದ್ರ ದಾಟಿ ಬಂದವೇ ಆಗಿವೆ. ಆದರೆ ಹೊಸದೆಂಬ ಒಂದೇ ಕಾರಣಕ್ಕೆ ಇದನ್ನು ಬೆಳೆಸಿರೆಂದು ನಾವು ಹೇಳುವುದಿಲ್ಲ. ಈರುಳ್ಳಿಯು ಒಮ್ಮೆಗೇ ಬಲಿತು ಕೈಗೆ ಬರುತ್ತದೆ. ಒಣಗಿಸಬೇಕು, ಕೂಡಿಡಬೇಕು, ಕೊಳೆತುದನ್ನು ಆರಿಸಬೇಕು. ಲೀಕ್ಸ್ ಗಿಡವಾದರೋ ಮಣ್ಣಿನಲ್ಲಿಯೇ ಕಾದಿರುತ್ತದೆ. ಅಡಿಗೆಗೆ ಬೇಕಾದ ದಿನ ಬೇಕಾದಷ್ಟನ್ನೇ ಕೀಳಬಹುದು. ಚಿಕ್ಕ ಹಿತ್ತಿಲಿಗೆ ಇಂಥ ಬೆಳೆಯೇ ಒಪ್ಪುವಂಥದು. ಹತ್ತಡಿ ಉದ್ದದ ಒಂದೇ ಸಾಲಿನಲ್ಲಿ ಅರ್ಧ ಅಡಿಗೊಂದರಂತೆ 20 ಗಿಡಗಳು ಹಿಡಿಯುತ್ತವೆ. ವಾರಕ್ಕೆರಡರಂತೆ ಕಿತ್ತರೆ ಸಂಕ್ರಾಂತಿಯಿಂದ ಯುಗಾದಿಯ ಹತ್ತಿರದವರೆಗೆ ಸಾಗುವುದು. ಮೈಸೂರು, ಬೆಂಗಳೂರು, ಕೊಡಗುಗಳಂಥ ತಂಪು ಸೀಮೆಗಳಿಗೆ ಈ ಮಾತು ಹೊಂದುತ್ತದೆ. ಕರಾವಳಿಯ ಸೆಖೆಯಲ್ಲಿ ಗಿಡವು ಸೊರಗುವುದು.

ಮೊದಲು ಬೀಜದ ವಿಚಾರ. ಈರುಳ್ಳಿಯ ಕುಲದ ಬೀಜಕ್ಕೆ ಆಯುಸ್ಸು ಕಡಿಮೆ. ವರ್ಷ ಎರಡು ವರ್ಷಗಳಲ್ಲಿ ಮೊಳೆಯುವ ಶಕ್ತಿಯು ಕುಂದುತ್ತದೆ. ಹಳೆಯ ಬೀಜವನ್ನು ಬಿತ್ತಿ, ಮಡಿಯು ಬರಿದಾಗಿಯೇ ಉಳಿದಾಗ, ಬಿತ್ತಿದವಳ ಕೈಗುಣ ಸರಿಯಿಲ್ಲವೆಂದು ಆಡಿಕೊಳ್ಳುವ ಮನೆಗಳುಂಟು. ಹೊಸದಾಗಿ ಬಂದ ಸೊಸೆಯು ಇಂಥ ಒಂದು ಮಾತಿಗೆ ನೊಂದು ಮತ್ತೆಂದೂ ಗುದ್ದಲಿ ಮುಟ್ಟದಿರಬಹುದು. ಆದುದರಿಂದ ಬಿತ್ತುವ ಮೊದಲೇ ಬೀಜವನ್ನು ಪರೀಕ್ಷಿಸಿರಿ. ಒದ್ದೆ ಬಟ್ಟೆಯಲ್ಲಿ 20 ಕಾಳುಗಳನ್ನು ಸುತ್ತಿ, ಆರದಂತೆ ನೋಡಿಕೊಂಡು, ಎರಡು ವಾರ ಕಾಯಿರಿ. ಹದಿನೈದರ ಮೇಲೆ ಮೊಳೆತರೆ ಬೀಜ ಉತ್ತಮ. ಹತ್ತು ಮೊಳೆತರೆ ಎರಡರಷ್ಟು ಬಿತ್ತಿರಿ. ನಾಲ್ಕೈದೇ ಮೊಳೆತರೆ ಹೊಸ ಬೀಜ ತರಿಸಿರಿ. ಕೈಗುಣದ ಮಾತು ಅಲ್ಲಿಗೆ ಮುಗಿಯಿತು.

ಸಸಿಮಡಿಯನ್ನು ನೆಲದಿಂದ ಗೇಣು ಎತ್ತರಿಸಿ, ಹಳೆಯ ಕೊಟ್ಟಿಗೆಗೊಬ್ಬರವನ್ನು ಬೆರೆಸಿ, ಬೀಜವನ್ನು ಅರ್ಧ ಅಂಗುಲ ಆಳದಲ್ಲಿ ತೆಳ್ಳಗೆ ಬಿತ್ತಬೇಕು. ಮಳೆಯ ಹೊಡೆತಕ್ಕೆ ಮಣ್ಣು ಕೊಚ್ಚದಂತೆ ಹುಲ್ಲು ಹೊದಿಸಿ, ಮೊಳಕೆ ಕಂಡೊಡನೆ ತೆಗೆಯಿರಿ. ಎಂಟು ಒಂಬತ್ತು ವಾರಗಳಲ್ಲಿ ಸಸಿಯು ಗೇಣುದ್ದವಾಗಿ ಸೀಸದ ಕಡ್ಡಿಯಷ್ಟು ದಪ್ಪವಾದಾಗ ನೆಡಲು ಯೋಗ್ಯವಾಗುತ್ತದೆ. ಹಿಂದಿನ ಬೆಳೆಯಾಗಿ ಈರುಳ್ಳಿ, ಬೆಳ್ಳುಳ್ಳಿಗಳನ್ನು ಬೆಳೆದ ನೆಲವು ಬೇಡ. ಅವುಗಳ ರೋಗವು ಇದಕ್ಕೂ ತಗಲುವುದು.

ನೆಡುವ ಕ್ರಮವು ಬೇರೆ ಸಸಿಗಳಂತಲ್ಲ. ಗೂಟದಿಂದ ಆರು ಅಂಗುಲ ಆಳದ ಕುಳಿಗಳನ್ನು ಮಾಡಿ, ಒಂದೊಂದರಲ್ಲಿ ಒಂದೊಂದು ಸಸಿಯನ್ನು ಇಳಿಬಿಟ್ಟು, ಕುಳಿ ತುಂಬ ನೀರೆರೆಯಿರಿ. ಮಣ್ಣು ತುಂಬಿ ಒತ್ತುವ ಅಗತ್ಯವಿಲ್ಲ. ನೀರಿನೊಡನೆ ಇಳಿದ ಮಣ್ಣು ಬೇರನ್ನು ಮುಚ್ಚುತ್ತದೆ. ಉಳಿದ ತೆರಪು ಕಾಂಡವು ದಪ್ಪನಾಗುವುದಕ್ಕೆ ಬೇಕು.

ಬಿಳಿಯ ಭಾಗವು ಉದ್ದವಾಗುವುದು ತೋಟಗಾರನ ಕೈಯಲ್ಲಿದೆ. ಬಿಸಿಲು ತಗಲಿದ ಬುಡವು ಹಸುರಾಗಿ ಬಿರುಸಾಗುವುದು. ಬಿಸಿಲು ತಗಲದ ಬುಡವು ಬೆಳ್ಳಗೆ ಮೃದುವಾಗುವುದು. ಆದುದರಿಂದ ನೆಟ್ಟ ಒಂದು ತಿಂಗಳ ಅನಂತರ, ಎರಡು ವಾರಗಳಿಗೊಮ್ಮೆ ಎರಡೆರಡು ಅಂಗುಲ ಮಣ್ಣನ್ನು ಬುಡಕ್ಕೆ ಏರಿಸುತ್ತ ಬನ್ನಿರಿ. ಎಲೆಗಳು ಕವಲೊಡೆಯುವ ಸಂದಿಗೆ ಮಾತ್ರ ಮಣ್ಣು ಬೀಳಬಾರದು. ಬಿದ್ದರೆ ಅದು ಒಳಗೇ ಸಿಕ್ಕಿಕೊಂಡು ಅಡಿಗೆಯಲ್ಲಿ ಹಲ್ಲಿಗೆ ತಗಲುವುದು. ನೀರು ಹದವಾಗಿರಲಿ; ನಿಂತರೆ ಬೇರು ಕೊಳೆಯುತ್ತದೆ.

ನೆಟ್ಟು ಮೂರು ತಿಂಗಳಾಗುವಾಗ ಕಾಂಡವು ಹೆಬ್ಬೆರಳಿನ ಗಾತ್ರಕ್ಕೆ ಬರುತ್ತದೆ. ದಪ್ಪನಾದವನ್ನು ಮೊದಲು ಕೀಳಿರಿ, ಸಣ್ಣವು ಬೆಳೆಯಲಿ. ಎಳೆಯುವ ಮುನ್ನ ಪಕ್ಕದ ಮಣ್ಣನ್ನು ಸಡಿಲಿಸಿದರೆ ಕಾಂಡವು ಮುರಿಯುವುದಿಲ್ಲ. ಬೇಸಗೆಯ ಝಳ ಬಲಿಯುವ ಮುಂಚೆ ಸಾಲನ್ನು ಮುಗಿಸುವುದು ಲೇಸು.

ಅಡಿಗೆಗೆ ಮೊದಲು ಕಾಂಡವನ್ನು ಉದ್ದಕ್ಕೆ ಸೀಳಿ, ಪದರಗಳನ್ನು ಬಿಡಿಸಿ ತೊಳೆಯಬೇಕು. ಬಿಳಿಯ ಭಾಗವನ್ನು ಹೆಚ್ಚಿ, ಬೆಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಬಾಡಿಸಿ, ಆಲೂಗೆಡ್ಡೆಯೊಡನೆ ಬೇಯಿಸಿದರೆ ಮೃದುವಾದ ಪಲ್ಯವಾಗುತ್ತದೆ. ಅದಕ್ಕೇ ನೀರು, ಉಪ್ಪು, ಕಾಳುಮೆಣಸಿನ ಪುಡಿ ಸೇರಿಸಿ ಮಸೆದರೆ ಜ್ವರದಿಂದ ಎದ್ದವರಿಗೂ ಹಿತವಾದ ಸೂಪು. ಬಿರುಸಾದ ಹಸುರೆಲೆಯನ್ನು ಎಸೆಯದೆ ಸಾರಿನ ಕಟ್ಟಿಗೆ ಹಾಕಿ ಕುದಿಸಿ ತೆಗೆಯಬಹುದು.

ಬೀಜದ ಪರೀಕ್ಷೆಯನ್ನು ಈ ವಾರವೇ ಆರಂಭಿಸಿರಿ; ಭಾದ್ರಪದವು ದೂರವಿಲ್ಲ. ಸಸಿಮಡಿಯನ್ನು ಹುಳುಗಳಿಂದ ಕಾಪಾಡುವ ಬಗೆಯನ್ನು ಮುಂದಿನ ತಿಂಗಳು ವಿವರಿಸುವೆವು.