ಆರು ಎಸೆತದಲ್ಲಿ ಮುಗಿಯುವ ತೀರ್ಪು

ಧಾರವಾಡ ವಲಯದ ಕಿರಿಯರ ಕ್ರಿಕೆಟ್ ತಂಡದ ಆಯ್ಕೆ ಮುಗಿಯಿತೆಂದರೆ ನವಲಗುಂದ, ಕುಂದಗೋಳ, ಕಲಘಟಗಿ ಕಡೆಯಿಂದ ಒಂದೇ ಕೂಗು: ‘ವಶೀಲಿ ನಡೀತ್ರಿ!’ ವಶೀಲಿ ಇಲ್ಲವೆಂದು ನಾನು ಪ್ರಮಾಣ ಮಾಡಲಾರೆ. ಆದರೆ ಆಯ್ಕೆಗಾರರೆಲ್ಲ ಸತ್ಯಹರಿಶ್ಚಂದ್ರರಾಗಿದ್ದರೂ ಹಳ್ಳಿಯ ವೇಗದ ಬೌಲರ್ ಹೊರಗೇ ಉಳಿಯುತ್ತಾನೆ. ಅಳೆಯುವ ರೀತಿಯೇ ತಪ್ಪಿದೆ.

ನೆಟ್ಸ್ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಒಬ್ಬೊಬ್ಬರಿಗೆ ಆರೇಳು ಎಸೆತ, ಆಮೇಲೆ ‘ನೆಕ್ಸ್ಟ್’. ಹದಿನಾಲ್ಕಕ್ಕೇ ಮೀಸೆ ಚಿಗುರಿದವನ ಚೆಂಡು ಹಿಂದಿನ ಬಲೆಗೆ ಫಟ್ಟನೆ ಬಡಿಯುತ್ತದೆ, ಹೆಸರಿನ ಮುಂದೆ ಗುರುತು ಬೀಳುತ್ತದೆ. ಪಕ್ಕದವನು ಸಣಕಲ, ಪ್ಯಾಂಟು ಗಿಡ್ಡಾಗಿದೆ, ಅಂಗೈ, ಪಾದ ಮಾತ್ರ ದೊಡ್ಡವು. ಎತ್ತರ ಈಗ ಬರುತ್ತಿರುವುದರಿಂದ ಓಟದ ಲಯ ತಪ್ಪುತ್ತಿದೆ. ಅವನು ಮನೆಗೆ. ಮೊದಲನೆಯವನ ದೇಹ ಬಹುಪಾಲು ಬೆಳೆದು ಮುಗಿದಿದೆ, ಎರಡನೆಯವನದು ಇನ್ನೂ ಶುರು ಎಂಬುದನ್ನು ಯಾರೂ ಬರೆದುಕೊಳ್ಳುವುದಿಲ್ಲ.

ಬರೆದುಕೊಳ್ಳುವ ದಾರಿ ಇದೆ. 16ರೊಳಗಿನವರಿಗೆ ಬಿಸಿಸಿಐ ಎಡಗೈ ಮಣಿಕಟ್ಟಿನ ಎಕ್ಸ್-ರೇ ತೆಗೆಸಿ, ಟಿಡಬ್ಲ್ಯೂ3 ವಿಧಾನದಲ್ಲಿ ಮೂಳೆಯ ವಯಸ್ಸು ಲೆಕ್ಕ ಹಾಕಿಸುತ್ತದೆ, ವಯಸ್ಸು ಕದ್ದವರನ್ನು ಹಿಡಿಯಲು. (ಮಾಸ್ತರರು ಹುಟ್ಟಿದ ದಿನ ಜೂನ್ 1 ಎಂದು ಬರೆದು ಕೈತೊಳೆದುಕೊಂಡ ಊರುಗಳಲ್ಲಿ ಇದು ಬೇಕೇ ಬೇಕು.) ಹುಡುಗನಲ್ಲಿ ಇನ್ನೆಷ್ಟು ಬೆಳವಣಿಗೆ ಬಾಕಿ ಇದೆ ಎಂಬುದನ್ನೂ ಅದೇ ಚಿತ್ರ ಹೇಳುತ್ತದೆ. ನಾವು ಅದನ್ನು ಕಳ್ಳನ ಹಿಡಿಯಲಷ್ಟೇ ಬಳಸುತ್ತೇವೆ.

ಊರಿನವರೂ ಕಮ್ಮಿಯಿಲ್ಲ. ಕಡಲೆ ಕಿತ್ತ ಎರೆಹೊಲ ಗಟ್ಟಿಯಾಗುತ್ತಲೇ ಟೆನಿಸ್ ಬಾಲ್ ಟೂರ್ನಮೆಂಟು. ‘ಹುಡುಗ ಭಾರೀ ಫಾಸ್ಟ್ ಒಗೀತಾನ್ರಿ’ ಎಂದು ಸುದ್ದಿಯಾದರೆ ಮುಗಿಯಿತು, ಪಕ್ಕದೂರಿನ ತಂಡವೂ ಬೈಕ್ ಕಳಿಸುತ್ತದೆ. ಭಾನುವಾರ ಪಂದ್ಯದ ಮೇಲೆ ಪಂದ್ಯ. ಟೆನಿಸ್ ಚೆಂಡು ಸುಮಾರು 58 ಗ್ರಾಂ, ಲೆದರ್ ಚೆಂಡು ಹೆಚ್ಚುಕಡಿಮೆ 160. ಟೆನಿಸ್ ಚೆಂಡಿನ ವೇಗ ಲೆದರ್ ಚೆಂಡಿನ ವೇಗಕ್ಕೆ ಸಾಕ್ಷಿಯಲ್ಲ. ಇನ್ನು ಬೆನ್ನು ನೋವೆಂದರೆ ಬಾಮ್ ಹಚ್ಚಿ ಮತ್ತೆ ಬೌಲಿಂಗಿಗೆ ಕಳಿಸುತ್ತಾರೆ. ಬೆಂಗಳೂರಿನ ವೇಗಿ ಪ್ರಸಿದ್ಧ್ ಕೃಷ್ಣ ಫಿಸಿಯೋಗಳ ನಡುವೆಯೇ ಇದ್ದೂ 2022ರಲ್ಲಿ ಸೊಂಟದ ಮಟ್ಟದ ಬೆನ್ನುಮೂಳೆಯ ಬಿರುಕಿನಿಂದ ಮೈದಾನ ಬಿಟ್ಟು, 2023ರ ಐಪಿಎಲ್ ಪೂರ್ತಿ ಕಳೆದುಕೊಂಡರು. ಎಲುಬು ಬಲಿಯದ ಹುಡುಗನ ಗತಿ?

ಅಮೆರಿಕದ ಬೇಸ್‌ಬಾಲ್‌ನಲ್ಲಿ 13-14ರ ಪಿಚರ್‌ಗೆ ದಿನಕ್ಕೆ 95 ಎಸೆತ ದಾಟಬಾರದೆಂಬ ಮಾರ್ಗಸೂಚಿ ಇದೆ. 66 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ. ನಮ್ಮಲ್ಲಿ ಟ್ರೋಫಿ ಎಷ್ಟು ಅಡಿ ಎತ್ತರ ಎಂಬುದೊಂದೇ ಲೆಕ್ಕ.

ವೇಗವೇ ಸರ್ವಸ್ವವಾಗಿದ್ದರೆ ದಾವಣಗೆರೆಯ ವಿನಯ್ ಕುಮಾರ್ ಎಲ್ಲಿರುತ್ತಿದ್ದರು? ಆಟೋ ಚಾಲಕರ ಮಗ. 2012ರಲ್ಲಿ ಪರ್ತ್‌ನಲ್ಲಿ ಆಡಿದ ಒಂದೇ ಟೆಸ್ಟಿಗೆ ‘ಇದೆಂಥ ವೇಗ’ ಎಂದು ನಕ್ಕವರಿದ್ದರು. ಅದೇ ಮನುಷ್ಯ ಪ್ರಥಮ ದರ್ಜೆಯಲ್ಲಿ 504 ವಿಕೆಟ್ ಕಿತ್ತು, 2013-14 ಮತ್ತು 2014-15ರಲ್ಲಿ ಕರ್ನಾಟಕಕ್ಕೆ ರಣಜಿ ತಂದುಕೊಟ್ಟ ನಾಯಕ. ಆರು ಎಸೆತದಲ್ಲಿ ಈ ಗುಣ ಕಾಣುತ್ತದೆಯೇ?

‘ನೂರಾರು ಹುಡುಗರು, ಒಂದೇ ದಿನ, ಏನ್ ಮಾಡೂದ್ರಿ’ ಎಂಬ ಆಯ್ಕೆಗಾರರ ಮಾತು ಸುಳ್ಳಲ್ಲ. ಹಾಗಾದರೆ ಒಂದೇ ದಿನ ಬೇಡ. ಪ್ರತಿ ತಾಲೂಕಿನಲ್ಲಿ ಪಿಇ ಮಾಸ್ತರರು ಗೋಡೆಗೆ ನಿಲ್ಲಿಸಿ ಮೂರು ತಿಂಗಳಿಗೊಮ್ಮೆ ಎತ್ತರ ಬರೆಯಲಿ, ವಾರಕ್ಕೆ ಹಾಕಿದ ಓವರ್ ಬರೆಯಲಿ, ಲೆದರ್ ಚೆಂಡು, ಮ್ಯಾಟು ವಲಯದವರು ಕೊಡಲಿ. 14ಕ್ಕೆ ಬಿಟ್ಟವನನ್ನು 16ಕ್ಕೆ, 17ಕ್ಕೆ ಹುಬ್ಬಳ್ಳಿಗೆ ಬಸ್ ಚಾರ್ಜು ಕೊಟ್ಟು ಮತ್ತೆ ಕರೆಯಲಿ. ಹಾಗೆ ಕರೆದವರ ಪಟ್ಟಿಯನ್ನು ಅಲ್ಲಿನ ರಾಜನಗರ ಮೈದಾನದ ಫಲಕಕ್ಕೆ ಹಚ್ಚಲಿ. ವಶೀಲಿಯ ಅನುಮಾನಕ್ಕೂ ಅಲ್ಲೇ ಉತ್ತರ ಸಿಗುತ್ತದೆ.