ಕಿತ್ತಳೆ ಅಂಗಿ ಮತ್ತು ಸಾಲದ ಪಾಲು

ಸೆಪ್ಟೆಂಬರ್ ಕೊನೆ ವಾರ ಬಂತು ಅಂದ್ರೆ ಇಲ್ಲಿ ಕೆನಡಾದ ಬ್ರಾಂಪ್ಟನ್‌ನಲ್ಲಿ ಮಗಳ ಸ್ಕೂಲಿಂದ ಒಂದು ಮೆಸೇಜ್ ಬಂದೇ ಬರುತ್ತೆ. 30ನೇ ತಾರೀಕು ಮಕ್ಕಳಿಗೆ ಕಿತ್ತಳೆ ಬಣ್ಣದ ಅಂಗಿ ಹಾಕಿ ಕಳಿಸಿ ಅಂತ. ಮೊದಲ ಸಲ ನಾನು ಇದನ್ನ ನಮ್ಮ ಕಡೆ ಕಾನ್ವೆಂಟ್‌ಗಳ ‘ಯೆಲ್ಲೋ ಡೇ’, ‘ಗ್ರೀನ್ ಡೇ’ ಥರ ಅಂದ್ಕೊಂಡಿದ್ದೆ. ಆನ್‌ಲೈನ್‌ನಲ್ಲಿ ಅಗ್ಗದ್ದೊಂದು ಟೀ ಶರ್ಟ್ ತರಿಸಿ, ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಎಲ್ಲರೂ ಹಾರ್ಟ್ ಒತ್ತಿದ್ರು.

ಕಳೆದ ವರ್ಷ ಆ ದಿನ ಅಮ್ಮ ಇಲ್ಲೇ ಇದ್ರು. ಹಾಸನದಿಂದ ಆರು ತಿಂಗಳಿಗೆ ಅಂತ ಬಂದಿದ್ರು. ಬೆಳಿಗ್ಗೆ ಮೊಮ್ಮಗಳನ್ನ ಮುಂದೆ ಕೂರಿಸಿಕೊಂಡು ಎರಡು ಜಡೆ ಹಾಕ್ತಾ, “ಇವತ್ತೇನೇ, ಕೇಸರಿ ಅಂಗಿ? ಯಾವ ಹಬ್ಬ?” ಅಂದ್ರು.

“ಹಬ್ಬ ಅಲ್ಲ ಅಜ್ಜಿ” ಅಂತ ಆರು ವರ್ಷದ ಮಗಳೇ ಶುರು ಮಾಡಿದ್ಲು. “ಒಬ್ಬಳು ಹುಡುಗಿಗೆ ಅವಳ ಅಜ್ಜಿ ಹೊಸ ಕಿತ್ತಳೆ ಅಂಗಿ ಕೊಡಿಸಿದ್ರು. ಸ್ಕೂಲಲ್ಲಿ ಅದನ್ನ ಕಿತ್ಕೊಂಡ್ರು. ವಾಪಸ್ ಕೊಡಲೇ ಇಲ್ಲ.”

ಆ ಹುಡುಗಿ ಫಿಲಿಸ್ ವೆಬ್‌ಸ್ಟಾಡ್. 1973ರಲ್ಲಿ ಅವರಿಗೂ ಆರೇ ವರ್ಷ. ಬ್ರಿಟಿಷ್ ಕೊಲಂಬಿಯಾದ ವಿಲಿಯಮ್ಸ್ ಲೇಕ್ ಹತ್ತಿರದ ವಸತಿ ಶಾಲೆಯಲ್ಲಿ ಮೊದಲ ದಿನವೇ ಅಜ್ಜಿ ಕೊಡಿಸಿದ ಅಂಗಿ ಹೋಯಿತು. 2013ರಲ್ಲಿ ಅವರ ಕಥೆಯಿಂದಲೇ ‘ಆರೆಂಜ್ ಶರ್ಟ್ ಡೇ’ ಶುರುವಾಯಿತು. 2021ರಿಂದ ಸೆಪ್ಟೆಂಬರ್ 30 ಕೆನಡಾದಲ್ಲಿ ‘ಸತ್ಯ ಮತ್ತು ಸಾಮರಸ್ಯ’ದ ರಾಷ್ಟ್ರೀಯ ದಿನ.

ವಸತಿ ಶಾಲೆ ಅಂದ್ರೆ ನಮಗೆ ಮೊರಾರ್ಜಿ ದೇಸಾಯಿ ಶಾಲೆ ನೆನಪಾಗುತ್ತೆ. ಸೀಟ್ ಸಿಗಲಿ ಅಂತ ಮಕ್ಕಳಿಂದ ಪರೀಕ್ಷೆ ಬರೆಸ್ತೀವಿ. ಇಲ್ಲಿಯದು ಬೇರೆ. ದುಡ್ಡು ಸರ್ಕಾರದ್ದು, ನಡೆಸುತ್ತಿದ್ದದ್ದು ಹೆಚ್ಚಾಗಿ ಚರ್ಚುಗಳು. ಮೂಲನಿವಾಸಿ ಮಕ್ಕಳನ್ನು ಮನೆಯಿಂದ, ಭಾಷೆಯಿಂದ ಬೇರ್ಪಡಿಸಿ ‘ತಿದ್ದುವುದು’ ಉದ್ದೇಶ. ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಸುಮಾರು 1,50,000 ಮಕ್ಕಳು ಈ ಶಾಲೆಗಳಿಗೆ ಹೋದರು. ತಮ್ಮ ಭಾಷೆ ಮಾತಾಡಿದರೆ ಹೊಡೆತ. ಹಸಿವು, ಕ್ಷಯ, ಲೈಂಗಿಕ ದೌರ್ಜನ್ಯ. ಸಾವಿರಾರು ಮಕ್ಕಳು ಮನೆಗೆ ಮರಳಲಿಲ್ಲ. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದ ಕೊನೆಗೆ. ಆಗ ನಾನು ಹಾಸನದಲ್ಲಿ ಪ್ರೈಮರಿ ಓದ್ತಿದ್ದೆ.

“ನಾವು ಕಳಿಸಲ್ಲ ಅಂತ ಅಪ್ಪ ಅಮ್ಮ ಅಂದಿದ್ರೆ?” ಅಂತ ಅಮ್ಮ ಕೇಳಿದ್ರು.

1920ರಿಂದ ಅದು ಕಾನೂನಾಗಿತ್ತು, ಕಳಿಸದವರಿಗೆ ಶಿಕ್ಷೆಯೂ ಇತ್ತು ಅಂದೆ. ಹೋದ ತಕ್ಷಣ ಮಕ್ಕಳ ಜಡೆ ಕತ್ತರಿಸುತ್ತಿದ್ದರು ಅನ್ನೋದನ್ನೂ ಹೇಳಿದೆ. ಅನೇಕ ಮೂಲನಿವಾಸಿ ಸಮುದಾಯಗಳಲ್ಲಿ ಕೂದಲು ಕತ್ತರಿಸೋದು ಸಾವಿನ ದುಃಖದ ಗುರುತು. ಆ ಮಕ್ಕಳು ಮನೇಲಿ ಯಾರು ಸತ್ತರು ಅಂದ್ಕೊಂಡಿರಬೇಕು? ಅಮ್ಮ ಏನೂ ಮಾತಾಡದೆ ಎರಡನೇ ಜಡೆಗೆ ಟೇಪು ಕಟ್ಟಿದ್ರು.

ಮಗಳು ಬಸ್ ಹತ್ತಿದ ಮೇಲೆ ಕಾಫಿ ಕುಡೀತಾ ನಾನೇ ಅಂದೆ, “ಪಾಪ ಅನ್ಸುತ್ತೆ ಅಮ್ಮ. ಆದ್ರೆ ನಾವು ಬರೋಕೆ ಮುಂಚೆ ಆಗಿದ್ದು. ನಾವೇನು ಮಾಡಿದ್ವಿ?”

ಅಮ್ಮ ನನ್ನ ಮುಖ ನೋಡಿದ್ರು. “ನಿಮ್ಮಪ್ಪಂಗೆ ಪಾಲಿಗೆ ಎರಡೆಕರೆ ಬಂತಲ್ಲ, ಜೊತೆಗೆ ನಿಮ್ಮ ತಾತ ಮಾಡಿದ್ದ ಸೊಸೈಟಿ ಸಾಲಾನೂ ಬಂತು. ನಾನು ಮಾಡಿದ್ದಲ್ಲ ಅಂದ್ರಾ ಅವ್ರು? ತೀರಿಸಿದ್ರು ಕಣೇ.”

ನನಗೆ ಉತ್ತರ ಹೊಳೀಲಿಲ್ಲ. ಹೊಳೆದದ್ದು 2022ರ ಒಂದು ಮಧ್ಯಾಹ್ನ. ರೇಷ್ಮೆ ಸೀರೆ ಉಟ್ಟು, ಲ್ಯಾಪ್‌ಟಾಪ್ ಮುಂದೆ ಬಲಗೈ ಎತ್ತಿ ಕೆನಡಾ ಪೌರತ್ವದ ಪ್ರಮಾಣವಚನ ಹೇಳಿದ್ದೆ. ಅದರಲ್ಲಿ ಒಂದು ಮಾತಿದೆ: ಫಸ್ಟ್ ನೇಷನ್ಸ್, ಇನ್ಯೂಟ್ ಮತ್ತು ಮೇಟಿ ಜನರ ಹಕ್ಕುಗಳನ್ನು, ಅವರ ಜೊತೆಗಿನ ಒಪ್ಪಂದದ ಹಕ್ಕುಗಳನ್ನು ಎತ್ತಿಹಿಡಿಯುವ ಸಂವಿಧಾನ ಸೇರಿದಂತೆ ಈ ದೇಶದ ಕಾನೂನನ್ನು ಪಾಲಿಸುತ್ತೇನೆ ಅಂತ. ನಾನು ಅದನ್ನ ಗಿಣಿ ಹಾಗೆ ಹೇಳಿ ಮುಗಿಸಿ ಗುಲಾಬ್ ಜಾಮೂನ್ ತಿನ್ನೋಕೆ ಎದ್ದಿದ್ದೆ.

ಆ ಮಾತು ಹೇಗೆ ಸೇರಿತು ಅಂತ ಆವತ್ತು ರಾತ್ರಿ ಹುಡುಕಿದೆ. 2008ರಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಅದೇ ವರ್ಷ ಶುರುವಾದ ಸತ್ಯ ಮತ್ತು ಸಾಮರಸ್ಯ ಆಯೋಗ, ಮರ್ರೇ ಸಿಂಕ್ಲೇರ್ ಅಧ್ಯಕ್ಷತೆಯಲ್ಲಿ ದೇಶವಿಡೀ ಓಡಾಡಿ ಸಾವಿರಾರು ಜನರ ಮಾತು ಕೇಳಿತು. 2015ರಲ್ಲಿ ಆಗಬೇಕಾದ 94 ಕೆಲಸಗಳ ಪಟ್ಟಿ ಕೊಟ್ಟಿತು. ಪಟ್ಟಿಯ ಕೊನೆಯ ಎರಡು ಯಾರ ಬಗ್ಗೆ ಗೊತ್ತಾ? ನಮ್ಮ ಬಗ್ಗೆ, ಅಂದ್ರೆ ಹೊಸದಾಗಿ ವಲಸೆ ಬರೋರ ಬಗ್ಗೆ. ಅವರಿಗೆ ಈ ಚರಿತ್ರೆ ತಿಳಿಸಿ ಅನ್ನೋದು 93ನೇದು. ಪ್ರಮಾಣವಚನ ಬದಲಿಸಿ ಅನ್ನೋದು 94ನೇದು. 2021ರಲ್ಲಿ ಪ್ರಮಾಣವಚನ ಬದಲಾಯಿತು, ಮರುವರ್ಷ ನಾನು ಅದನ್ನೇ ಓದಿದ್ದು.

ಇನ್ನೊಂದೂ ಸಿಕ್ಕಿತು. ನಾವು ಮನೆ ಸಾಲದ ಕಂತು ಕಟ್ತಿರೋ ಈ ಜಾಗ 1818ರ ಅಜೆಟೆನ್ಸ್ ಒಪ್ಪಂದದಲ್ಲಿ ಮಿಸ್ಸಿಸಾಗಾ ಜನರಿಂದ ಬ್ರಿಟಿಷರ ಕೈಗೆ ಹೋದದ್ದು. ಪಕ್ಕದ ಮಿಸ್ಸಿಸಾಗಾ ಊರಿನ ಬೋರ್ಡ್ ನೋಡ್ಕೊಂಡೇ ದಿನಾ ಆಫೀಸಿಗೆ ಹೋಗ್ತೀನಿ. ಅದು ಒಂದು ಜನದ ಹೆಸರು ಅಂತ ಯೋಚಿಸಿರಲಿಲ್ಲ.

2019ರಲ್ಲಿ ಈ ಶಾಲೆಗಳಲ್ಲಿ ತೀರಿಕೊಂಡ 2,800 ಮಕ್ಕಳ ಹೆಸರಿರೋ ಕೆಂಪು ಬಟ್ಟೆಯೊಂದನ್ನ ಬಿಡಿಸಿದ್ರು. ಅದರ ಫೋಟೋ ಅಮ್ಮನಿಗೆ ತೋರಿಸಿದೆ. ಉದ್ದ 50 ಮೀಟರ್ ಅಂದಾಗ ಅಮ್ಮ ಬೆರಳಲ್ಲೇ ಲೆಕ್ಕ ಹಾಕಿ, “ಒಂಬತ್ತು ಸೀರೆ” ಅಂದ್ರು. ಆಮೇಲೆ ಹೆಸರು ಸಿಕ್ಕ ಮಕ್ಕಳ ಪಟ್ಟಿ 4,000 ದಾಟಿದೆ. ಹೆಸರೇ ದಾಖಲಾಗದ ಮಕ್ಕಳು ಬೇರೆ.

ಸಾಲ ತೀರಿಸೋದು ಅಂದ್ರೆ ನನ್ನಂಥವಳು ಏನು ಮಾಡಬೇಕು? ದೊಡ್ಡ ಉತ್ತರ ನನ್ನ ಹತ್ರ ಇಲ್ಲ. ಕಳೆದ ವರ್ಷದಿಂದ ಮೂರು ಸಣ್ಣ ಕೆಲಸ ಮಾಡ್ತಿದೀನಿ. 94 ಅಂಶಗಳನ್ನ ತಿಂಗಳಿಗೆ ಐದರಂತೆ ಓದ್ತಿದೀನಿ. ಈ ಸಲದ ಅಂಗಿಯನ್ನ ಮೂಲನಿವಾಸಿ ಮಹಿಳೆಯೊಬ್ಬರ ಅಂಗಡಿಯಿಂದ ತಗೊಂಡೆ. ನಮ್ಮ ಕನ್ನಡದ ಗೆಳೆಯರ ಪಾರ್ಟಿಗಳಲ್ಲಿ “ಇವ್ರಿಗೆಲ್ಲಾ ಸರ್ಕಾರ ಸುಮ್ನೆ ದುಡ್ಡು ಕೊಡುತ್ತೆ” ಅನ್ನೋ ಮಾತು ಬಂದಾಗ ಮೊದಲು ನಾನೂ ತಲೆ ಆಡಿಸ್ತಿದ್ದೆ. ಈಗ ಬಾಯಿ ಬಿಡ್ತೀನಿ. ಮೂರರಲ್ಲಿ ಇದೇ ಕಷ್ಟದ್ದು. ಒಂದಿಬ್ಬರು ಕರೆಯೋದನ್ನೂ ಕಡಿಮೆ ಮಾಡಿದಾರೆ.

ಮೊನ್ನೆ ಅಮ್ಮ ಹಾಸನದಿಂದ ವಿಡಿಯೋ ಕಾಲ್ ಮಾಡಿದ್ರು. “ಪುಟ್ಟಿಗೆ ಅಂಗಿ ರೆಡಿ ಇದ್ಯಾ? ಜಡೆ ಯಾರು ಹಾಕ್ತಾರೆ?” ಅಂದ್ರು. ನಾನೇ ಹಾಕ್ತೀನಿ ಅಂದೆ.

ನೀವು ಯಾವ ದೇಶದಲ್ಲಿ, ಯಾವ ಊರಲ್ಲಿದ್ದೀರೋ ಗೊತ್ತಿಲ್ಲ. ನಿಮ್ಮ ಮನೆ ಇರೋ ನೆಲ ಮೊದಲು ಯಾರದಾಗಿತ್ತು? ಒಮ್ಮೆ ಹುಡುಕಿ ನೋಡಿ. ಸಿಕ್ಕಿದ್ದನ್ನ ನಂಗೂ ಬರೆದು ಕಳಿಸಿ.